ಬೇರೆ ಆಗೋದೋ, ಜೊತೆಗಿರೋದೋ: ಸ್ಕಾಟ್ಲೆಂಡಿನ ಓಟು ಇಟ್ಟುಕೊಂಡು ಒಂದು ಹೋಲಿಕೆ

ಪಕ್ಕದ ಮನೆ ಹುಡುಗಿಗೆ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ. ವಿಷಯ, ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೇ ಅನ್ನೋದು. ಪರವೋ ವಿರೋಧವೋ ಅಂತ ಚೀಟಿ ಎತ್ತಿದ ಮೇಲೆ ಗೊತ್ತಾಗೋದಂತೆ, ಹಾಗಾಗಿ ಎರಡೂ ಕಡೆ ಓದಿಕೊಂಡು ಹೋಗಬೇಕು. ಸರಸ್ವತಿಪುರಂನಲ್ಲಿ ಕೂತು ಸ್ಕಾಟ್ಲೆಂಡ್ ಯೋಚನೆ ನಿನಗ್ಯಾಕೆ ಅಂತ ಅವಳ ಅಜ್ಜಿ ಗೊಣಗಿದರು. ನನಗೆ ಮಾತ್ರ ಖುಷಿಯಾಯಿತು. 2014ರಲ್ಲಿ ಬ್ರಿಟನ್ನಿನಿಂದ ಬೇರೆಯಾಗೋಣವೇ ಅಂತ ಸ್ಕಾಟ್ಲೆಂಡಿನಲ್ಲಿ ಜನರ ಓಟು ಕೇಳಿದಾಗ ಈ ಪ್ರಶ್ನೆ ನಮ್ಮ ಮನೆಗೇ ಬಂದಿತ್ತು.

ನಮ್ಮ ಅಕ್ಕನ ಮಗ ಆಗ ಸ್ಕಾಟ್ಲೆಂಡಿನ ಡಂಡಿಯಲ್ಲಿ ಓದುತ್ತಿದ್ದ. ಒಂದು ಕಾಲದಲ್ಲಿ ಬಂಗಾಳದ ಸೆಣಬು ತರಿಸಿಕೊಂಡು ಗೋಣಿಬಟ್ಟೆ ನೇಯ್ದು ದುಡ್ಡು ಮಾಡಿದ ಊರು ಅದು. ಅವನ ಹತ್ತಿರ ಇದ್ದದ್ದು ಭಾರತದ ಪಾಸ್‌ಪೋರ್ಟು. ಆದರೂ ಕಾಮನ್‌ವೆಲ್ತ್ ದೇಶದವನು, ಅಲ್ಲೇ ವಾಸ ಇದ್ದಾನೆ ಅನ್ನೋ ಲೆಕ್ಕದಲ್ಲಿ ಓಟು ಬಂತು. ಡಂಡಿಯಲ್ಲೇ ಹುಟ್ಟಿ ಬೆಳೆದು ಕೆಲಸಕ್ಕೆ ಅಂತ ಲಂಡನ್ನಿಗೆ ಮನೆ ಬದಲಾಯಿಸಿದವನಿಗೆ ಓಟಿಲ್ಲ, ಮಂಡ್ಯದಿಂದ ಹೋಗಿ ಒಂದು ವರ್ಷವಾದ ಹುಡುಗನಿಗೆ ಇದೆ. 16 ವರ್ಷ ತುಂಬಿದ ಶಾಲೆ ಮಕ್ಕಳಿಗೂ ಇತ್ತು. ಅವನು ಫೋನ್ ಮಾಡಿ, "ಚಿಕ್ಕಮ್ಮ, ಒಂದು ದೇಶ ಆಗಬೇಕೋ ಬೇಡವೋ ಅಂತ ನನ್ನನ್ನ ಕೇಳ್ತಿದ್ದಾರೆ, ಏನ್ ಹಾಕ್ಲಿ?" ಅಂದ.

ನಾನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಮಧ್ಯಕ್ಕೆ ಗೆರೆ ಎಳೆದು, ಈ ಕಡೆ 'ಹೌದು', ಆ ಕಡೆ 'ಬೇಡ' ಅಂತ ಬರೆದುಕೊಂಡು ಕೂತೆ. ಈಗ ಅದನ್ನೇ ಹೊರಗೆ ತೆಗೆದಿದ್ದೇನೆ, ಆಮೇಲೆ ಆದದ್ದನ್ನೂ ಸೇರಿಸಿಕೊಂಡು ಬರೆಯುತ್ತಿದ್ದೇನೆ. ಚರ್ಚೆಗೆ ಹೋಗುವ ಮಕ್ಕಳಿಗೂ ಆಗುತ್ತೆ, ಹೊರದೇಶದಲ್ಲಿ ಮಕ್ಕಳಿರುವ ನಮ್ಮಂಥವರಿಗೂ ಆಗುತ್ತೆ.

ಮೊದಲು ಒಂದು ಮಾತು. ನಮ್ಮ ಸ್ವಾತಂತ್ರ್ಯ ಹೋರಾಟದ ಭಾವನೆಯನ್ನು ಇದಕ್ಕೆ ಹಚ್ಚಬೇಡಿ. 1938ರಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದವರಿಗೆ ದೆಹಲಿಯ ಸರ್ಕಾರವನ್ನು ಇಳಿಸೋ ಓಟು ಇರಲಿಲ್ಲ, ಮೈಸೂರಿನಲ್ಲೂ ಜವಾಬ್ದಾರಿ ಸರ್ಕಾರ ಬರೋಕೆ 1947ರ ಮೈಸೂರು ಚಲೋ ತನಕ ಕಾಯಬೇಕಾಯಿತು. ಸ್ಕಾಟ್ಲೆಂಡ್ ಹಾಗಲ್ಲ. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಒಪ್ಪಿ ಒಂದಾದವು. 2014ರಲ್ಲಿ ಅಲ್ಲಿಂದ 59 ಜನ ಎಂಪಿಗಳು ಲಂಡನ್ನಿನಲ್ಲಿ ಕೂರುತ್ತಿದ್ದರು, ಎಡಿನ್‌ಬರಾದಲ್ಲಿ 1999ರಿಂದ ಅವರದೇ ಪಾರ್ಲಿಮೆಂಟು ಇತ್ತು, ಶಾಲೆ ಆಸ್ಪತ್ರೆ ಎಲ್ಲ ಅವರ ಕೈಯಲ್ಲೇ ಇತ್ತು. ಅದು ಜೈಲು ಬಾಗಿಲು ಮುರಿಯೋ ಕಥೆಯಲ್ಲ. ಅಣ್ಣತಮ್ಮಂದಿರು ಪಾಲಾಗೋ ಕಥೆಗೆ ಹತ್ತಿರ.

ಚೀಟಿಯಲ್ಲಿ ಎರಡು, ಮನಸ್ಸಿನಲ್ಲಿ ನಾಲ್ಕು

ಪ್ರಶ್ನೆ ತುಂಬ ಸರಳವಾಗಿತ್ತು. 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?' ಮೊದಲು ಅಲ್ಲಿನ ಸರ್ಕಾರ 'ಆಗಬೇಕು ಅನ್ನೋದನ್ನು ನೀವು ಒಪ್ಪುತ್ತೀರಾ?' ಅಂತ ಬರೆದಿತ್ತು. ಒಪ್ಪುತ್ತೀರಾ ಅಂತ ಕೇಳಿದರೆ ಮನುಷ್ಯರು ಸುಮ್ನೆ ಹೂಂ ಅಂದುಬಿಡುತ್ತಾರೆ ಅಂತ ಚುನಾವಣಾ ಆಯೋಗ ಆ ಪದ ತೆಗೆಸಿತು. ನೆಂಟರ ಮನೆಯಲ್ಲಿ "ಇನ್ನೊಂಚೂರು ಹಾಕಿಸ್ಕೋತೀರಾ ಅಲ್ವಾ" ಅಂದರೆ ಬೇಡ ಅನ್ನೋಕೆ ಎಷ್ಟು ಕಷ್ಟ ಅಂತ ನಮಗೆ ಗೊತ್ತಿಲ್ಲವೇ!

ಆದರೆ ಜನರ ತಲೆಯಲ್ಲಿದ್ದ ಆಯ್ಕೆ ಎರಡಲ್ಲ. ಪೂರ್ತಿ ಬೇರೆಯಾಗೋದು ಒಂದು. ಈಗಿನ ಹಾಗೇ ಇರೋದು ಇನ್ನೊಂದು. ಜೊತೆಗಿದ್ದು ಜಾಸ್ತಿ ಅಧಿಕಾರ ತೆಗೆದುಕೊಳ್ಳೋದು ಮೂರನೆಯದು. ಬೇರೆಯಾಗೋಣ, ಆದರೆ ಈಗ ಬೇಡ, ಲೆಕ್ಕ ಸರಿಯಾಗಲಿ ಅನ್ನೋದು ನಾಲ್ಕನೆಯದು. ಮೂರನೆಯದು ಬಹಳ ಜನಕ್ಕೆ ಇಷ್ಟವಿತ್ತು, ಆದರೂ 2012ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರಾದಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಚೀಟಿಗೆ ಒಂದೇ ಪ್ರಶ್ನೆ, ಹೌದು ಅಥವಾ ಬೇಡ ಅಂತಾಯಿತು. ಓಟಿಗೆ ಎರಡೇ ದಿನ ಇದ್ದಾಗ ಲಂಡನ್ನಿನ ಮೂರು ಪಕ್ಷದ ನಾಯಕರು, 'ಬೇಡ' ಅನ್ನಿ, ಜಾಸ್ತಿ ಅಧಿಕಾರ ಕೊಡುತ್ತೇವೆ ಅಂತ ಪೇಪರಿನ ಮುಖಪುಟದಲ್ಲಿ ಮಾತು ಕೊಟ್ಟರು. ಅಂದರೆ ಚೀಟಿಯಿಂದ ತೆಗೆದದ್ದನ್ನು ಕೊನೇ ಗಳಿಗೆಯಲ್ಲಿ ಹಿಂಬಾಗಿಲಿನಿಂದ ತಂದರು. (ಕೊಟ್ಟರೋ ಇಲ್ಲವೋ ಅಂದರೆ, 2016ರ ಕಾಯಿದೆಯಲ್ಲಿ ಆದಾಯ ತೆರಿಗೆಯ ದರ ನಿಗದಿ ಮಾಡೋ ಅಧಿಕಾರ ಬಂತು. ಸಾಕಾಯಿತೋ ಅನ್ನೋದು ಅಲ್ಲಿ ಇನ್ನೂ ಜಗಳ.)

ಆದ್ದರಿಂದ ಹೋಲಿಸುವಾಗ ಮೊದಲ ಕೆಲಸ, ಯಾರು ಯಾವ ಆಯ್ಕೆಗೆ ಮಾತಾಡುತ್ತಿದ್ದಾರೆ ಅಂತ ಬಿಡಿಸಿಕೊಳ್ಳೋದು. 'ಬೇಡ' ಅಂದವರೆಲ್ಲ ಲಂಡನ್ ಪ್ರೇಮಿಗಳಲ್ಲ, 'ಹೌದು' ಅಂದವರೆಲ್ಲ ಇಂಗ್ಲಿಷರನ್ನು ಕಂಡರೆ ಆಗದವರೂ ಅಲ್ಲ.

ಎಣಿಸಿದ್ದು, ಎಣಿಸದೆ ಬಿಟ್ಟದ್ದು

ನಮ್ಮಪ್ಪ, ದೊಡ್ಡಪ್ಪ ಪಾಲಾದಾಗ ನಾನು ಚಿಕ್ಕವಳು. ಊರು ಪಾಂಡವಪುರದ ಕಡೆ. ಪಾಲುಪಟ್ಟಿ ಬರೆಯೋಕೆ ಜಗಲಿ ಮೇಲೆ ಐದಾರು ಜನ ಕೂತಿದ್ದರು. ತೆಂಗಿನಮರ ಎಣಿಸಿದರು. ಹಿತ್ತಲ ಹುಣಸೆಮರದ ಹಣ್ಣು ಒಂದು ವರ್ಷ ಅವರಿಗೆ, ಒಂದು ವರ್ಷ ಇವರಿಗೆ ಅಂತ ಬರೆದರು. ಅಜ್ಜಿಯ ಹಿತ್ತಾಳೆ ಹಂಡೆ ಯಾರಿಗೆ ಅಂತ ಅರ್ಧ ದಿನ ಮಾತಾಯಿತು. ಕೆಳಗಿನ ಗದ್ದೆಗೆ ನೀರು ಹೋಗೋ ಕಾಲುವೆ ಮೇಲಿನ ಗದ್ದೆ ಮೇಲೆ ಹಾದು ಹೋಗುತ್ತೆ ಅನ್ನೋದು ಯಾರಿಗೂ ನೆನಪಾಗಲಿಲ್ಲ, ಅಥವಾ ಅಣ್ಣತಮ್ಮಂದಿರ ನಡುವೆ ಅದೇನು ಬರೆಯೋದು ಅಂತ ಬಿಟ್ಟರು. ಕೆಳಗಿನ ಗದ್ದೆ ನಮ್ಮಪ್ಪನಿಗೆ ಬಂತು. ಮುಂದಿನ ನಾಟಿಗೆ ಕಾಲುವೆ ಬಾಯಿಗೆ ಮಣ್ಣು ಬಿತ್ತು. ಆಮೇಲೆ ಎರಡು ಮನೆಯವರು ಮಾತಾಡಿದ್ದು ಅಜ್ಜಿ ತಿಥಿಯಲ್ಲಿ.

ದೇಶದ ಪಾಲಿನಲ್ಲೂ ಇದೇ ನೋಡಬೇಕು. ಎಣಿಸೋಕಾಗೋದರ ಬಗ್ಗೆ ಹೆದರಬೇಡಿ, ಅದಕ್ಕೆ ದಾರಿ ಇದೆ. ಚೆಕೊಸ್ಲೊವಾಕಿಯಾ 1993ರ ಜನವರಿ 1ಕ್ಕೆ ಎರಡಾದಾಗ ಬಹುಪಾಲು ಆಸ್ತಿಯನ್ನು ಜನಸಂಖ್ಯೆ ನೋಡಿ ಎರಡು ಪಾಲು ಚೆಕ್‌ಗೆ, ಒಂದು ಪಾಲು ಸ್ಲೊವಾಕಿಯಾಕ್ಕೆ ಅಂತ ಹಂಚಿದರು, ಒಂದು ಗುಂಡೂ ಹಾರಲಿಲ್ಲ. (ಅಲ್ಲಿ ಜನರನ್ನು ಕೇಳಲೇ ಇಲ್ಲ ಅನ್ನೋದು ಬೇರೆ ಮಾತು. ಓಟು ಹಾಕಿಸದೆ ನಾಯಕರೇ ತೀರ್ಮಾನ ಮಾಡಿದರು.) ಸಾಲದ ವಿಷಯದಲ್ಲೂ ಅಷ್ಟೆ. ಹಳೇ ಸಾಲಪತ್ರಗಳಿಗೆ ನಾವೇ ಹೊಣೆ, ನಿಮ್ಮ ಪಾಲು ನಮಗೆ ಕೊಡಿ ಅಂತ ಬ್ರಿಟಿಷ್ ಖಜಾನೆ 2014ರ ಜನವರಿಯಲ್ಲೇ ಹೇಳಿತ್ತು.

ಕಷ್ಟ ಇರೋದು ಕಾಲುವೆಯಂಥದ್ದರಲ್ಲಿ. ದಕ್ಷಿಣ ಸುಡಾನ್ ನೋಡಿ. 2011ರಲ್ಲಿ ಶೇಕಡ 98ಕ್ಕೂ ಜಾಸ್ತಿ ಜನ ಹೌದು ಅಂದರು. ಎಣ್ಣೆ ಬಾವಿಗಳು ಬಹುಪಾಲು ದಕ್ಷಿಣಕ್ಕೆ ಬಂದವು, ಎಣ್ಣೆ ಸಮುದ್ರಕ್ಕೆ ಹೋಗೋ ಪೈಪು ಉತ್ತರದ ನೆಲದಲ್ಲಿ ಉಳಿಯಿತು. ಪೈಪಿನ ಬಾಡಿಗೆ ಎಷ್ಟು ಅಂತ ಜಗಳವಾಗಿ 2012ರ ಜನವರಿಯಲ್ಲಿ ದಕ್ಷಿಣದವರು ಎಣ್ಣೆ ತೆಗೆಯೋದನ್ನೇ ನಿಲ್ಲಿಸಿದರು. ಸರ್ಕಾರದ ದುಡ್ಡೆಲ್ಲ ಬರುತ್ತಿದ್ದದ್ದೇ ಅದರಿಂದ. 2013ರ ಡಿಸೆಂಬರಿನಲ್ಲಿ ತಮ್ಮತಮ್ಮಲ್ಲೇ ಯುದ್ಧ ಶುರುವಾಯಿತು, ಅದಕ್ಕೆ ಬೇರೆ ಕಾರಣಗಳೂ ಇದ್ದವು.

ನೀರಿನ ಬಗ್ಗೆ ಮಂಡ್ಯದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1924ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸಿನ ನಡುವೆ ಆದ ಒಪ್ಪಂದದಿಂದ ಹಿಡಿದು, 1990ರ ನ್ಯಾಯಮಂಡಳಿ, 2007ರ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪಿನ ತನಕ, ಒಂದೇ ದೇಶ, ಮೇಲೆ ಒಂದೇ ನ್ಯಾಯಾಲಯ ಇದ್ದೂ ಕಾವೇರಿ ಇಷ್ಟು ಕಾಲ ತೆಗೆದುಕೊಂಡಿತು. ಮೇಲಿನ ನ್ಯಾಯಾಲಯವೇ ಇಲ್ಲದ ಎರಡು ದೇಶವಾದರೆ ಮಳೆ ಕಮ್ಮಿಯಾದ ವರ್ಷ ಯಾರ ಹತ್ತಿರ ಹೋಗೋದು? ಸ್ಕಾಟ್ಲೆಂಡಿನವರ ಪುಣ್ಯ, ಅವರಿಗೆ ನೀರಿನ ಬರ ಇಲ್ಲ. ಅವರ ಕಾಲುವೆ ಬೇರೆ. ಅದು ಪೌಂಡು.

ಪೌಂಡಿನ ಪ್ರಶ್ನೆ, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು

ನಮ್ಮ ಹುಡುಗ ಒಮ್ಮೆ ಹತ್ತು ಪೌಂಡಿನ ನೋಟಿನ ಫೋಟೋ ಕಳಿಸಿದ್ದ. ಮೇಲೆ ರಾಣಿ ಇಲ್ಲ, ಕವಿ ರಾಬರ್ಟ್ ಬರ್ನ್ಸ್ ಇದ್ದಾನೆ. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಲಂಡನ್ನಿಗೆ ಹೋದಾಗ ಒಂದು ಅಂಗಡಿಯವನು ಆ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟನಂತೆ. ನೋಡೋಕೆ ಬೇರೆ ದೇಶದ ದುಡ್ಡು. ಆದರೆ ಅದರ ಹಿಂದೆ ನಿಂತಿರೋದು ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್.

ಬೇರೆಯಾದರೂ ಪೌಂಡನ್ನು ಇಬ್ಬರೂ ಸೇರಿ ಇಟ್ಟುಕೊಳ್ಳೋಣ ಅಂದರು 'ಹೌದು' ಕಡೆಯವರು. ದೇಶ ಬಿಟ್ಟರೆ ಪೌಂಡನ್ನೂ ಬಿಟ್ಟ ಹಾಗೆ ಅಂತ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ 2014ರ ಫೆಬ್ರವರಿಯಲ್ಲಿ ಹೇಳಿಬಿಟ್ಟರು. ಅದು ಬರೀ ಬೆದರಿಕೆ, ಗೆದ್ದ ಮೇಲೆ ಒಪ್ಪುತ್ತಾರೆ ಅಂದರು ಸಾಲ್ಮಂಡ್. ಇರಬಹುದು. ಆದರೆ ಎದುರಿನವನು ಒಪ್ಪಿದರೆ ಮಾತ್ರ ನಡೆಯೋದನ್ನು ನಮ್ಮ ಯೋಜನೆ ಅಂತ ಕರೆಯೋದು ನನಗೆ ಸರಿ ಕಾಣಲಿಲ್ಲ.

ಬೇರೆ ದಾರಿಗಳೂ ಇದ್ದವು, ಅವನ್ನು ಹೋಲಿಸಿ ನೋಡಿ. ಕೇಳದೆ ಕೇಳಿಸದೆ ಬೇರೆಯವರ ದುಡ್ಡು ಬಳಸೋದು ಒಂದು. ಮಾಂಟೆನೆಗ್ರೊ ಇವತ್ತಿಗೂ ಯುರೋಪಿಯನ್ ಯೂನಿಯನ್ನಿಗೆ ಸೇರದೆ ಯೂರೋ ಬಳಸುತ್ತಿದೆ. ಸುಲಭ, ಆದರೆ ನಿಮ್ಮ ಬ್ಯಾಂಕು ಮುಳುಗಿದರೆ ನೋಟು ಅಚ್ಚು ಹಾಕಿ ಎತ್ತೋಕೆ ಯಾರೂ ಇಲ್ಲ. ಸ್ವಂತ ದುಡ್ಡು ಮಾಡಿ ಅದನ್ನು ಪೌಂಡಿಗೆ ಕಟ್ಟಿ ಹಾಕೋದು ಇನ್ನೊಂದು. ಐರ್ಲೆಂಡ್ 1928ರಲ್ಲಿ ತನ್ನ ನೋಟು ತಂದು 1979ರ ತನಕ ಪೌಂಡಿಗೆ ಒಂದಕ್ಕೊಂದು ಅಂತ ನಡೆಸಿತು. ಐವತ್ತು ವರ್ಷ ಸ್ವತಂತ್ರ ದೇಶವಾಗಿದ್ದುಕೊಂಡು ಬಡ್ಡಿ ದರಕ್ಕೆ ಲಂಡನ್ ಕಡೆ ನೋಡಿತು ಅಂತಲೂ ಹೇಳಬಹುದು. ಸೇರಿ ಇಟ್ಟುಕೊಳ್ಳೋದು ಎಷ್ಟು ದಿನ ಬಾಳುತ್ತೆ ಅಂದರೆ ಮತ್ತೆ ಚೆಕ್ ಮತ್ತು ಸ್ಲೊವಾಕ್ ಕಥೆ. ಅವರೂ ಒಂದೇ ದುಡ್ಡು ಅಂತ ಶುರು ಮಾಡಿದರು. ಜನ ಸ್ಲೊವಾಕಿಯಾದ ದುಡ್ಡನ್ನು ಚೆಕ್ ಬ್ಯಾಂಕುಗಳಿಗೆ ಸಾಗಿಸೋಕೆ ಶುರು ಮಾಡಿದರು. ಫೆಬ್ರವರಿ 8ಕ್ಕೆ ಮುಗಿಯಿತು, ಆರು ವಾರವೂ ಆಗಿರಲಿಲ್ಲ. ಹೊಸ ನೋಟು ಅಚ್ಚಾಗೋ ತನಕ ಹಳೇ ನೋಟಿಗೇ ಪುಟ್ಟ ಸ್ಟಾಂಪು ಅಂಟಿಸಿ ಇದು ನಿಮ್ಮದು, ಇದು ನಮ್ಮದು ಅಂದರು.

ಈ ಪಟ್ಟಿ ಮುಂದೆ ಇಟ್ಟುಕೊಂಡು ನಾನು ಹುಡುಗನಿಗೆ 'ಬೇಡ'ಕ್ಕೆ ಹಾಕು ಅಂದೆ. ಅವನಿಗೂ ಅವನದೇ ಸ್ವಾರ್ಥ ಇತ್ತು. ಓದಿನ ಸಾಲ ಇಲ್ಲಿ ರೂಪಾಯಿಯಲ್ಲಿ, ಅಲ್ಲಿ ಅರೆಕಾಲಿಕ ಕೆಲಸದ ಸಂಬಳ ಪೌಂಡಿನಲ್ಲಿ. ನಾಳೆ ಅದು ಪೌಂಡೇ ಆಗಿರುತ್ತಾ ಅನ್ನೋದಷ್ಟೇ ಅವನ ಚಿಂತೆ.

ಎಣ್ಣೆ

ಇದನ್ನು ಬೇಗ ಮುಗಿಸುತ್ತೇನೆ. ಸ್ಕಾಟ್ಲೆಂಡಿನ ಸಮುದ್ರದಲ್ಲಿ ಸಿಗೋ ಎಣ್ಣೆಯ ದುಡ್ಡು 'ಹೌದು' ಕಡೆಯವರ ಒಂದು ವಾದ. ಬೇರೆಯಾದರೆ ಹೇಗೆ ನಡೆಸುತ್ತೇವೆ ಅಂತ ಸ್ಕಾಟ್ಲೆಂಡ್ ಸರ್ಕಾರ ಹೊರಡಿಸಿದ ದೊಡ್ಡ ಪುಸ್ತಕದಲ್ಲಿ ಎಣ್ಣೆ ಪೀಪಾಯಿಗೆ 110 ಡಾಲರಿನ ಆಸುಪಾಸು ಅಂತ ಲೆಕ್ಕ ಇತ್ತು, ಸ್ವತಂತ್ರವಾಗೋ ದಿನ 2016ರ ಮಾರ್ಚ್ 24 ಅಂತ ಬರೆದಿತ್ತು. 2016ರ ಜನವರಿಯಲ್ಲಿ ಎಣ್ಣೆ 30 ಡಾಲರಿಗಿಂತ ಕೆಳಗೆ ಹೋಯಿತು. ಕಬ್ಬಿಗೆ ಈ ವರ್ಷ ಒಳ್ಳೇ ರೇಟು ಸಿಕ್ಕಿತು ಅಂತ ಹತ್ತು ವರ್ಷಕ್ಕೆ ಚೀಟಿ ಹಾಕಬಾರದು, ಅಷ್ಟೆ.

'ಬೇಡ' ಅನ್ನೋದೂ ಗ್ಯಾರಂಟಿ ಕಾರ್ಡ್ ಅಲ್ಲ

ಇಲ್ಲಿ ನಾನು ಎಡವಿದೆ. ನೋಟ್‌ಬುಕ್ಕಿನ 'ಹೌದು' ಕಡೆ ಅಪಾಯಗಳನ್ನು ಒಂದು ಪುಟ ಬರೆದಿದ್ದೆ. 'ಬೇಡ' ಕಡೆ 'ಹೇಗಿದೆಯೋ ಹಾಗೆ' ಅಂತ ಎರಡು ಪದ ಬರೆದು ಬಿಟ್ಟಿದ್ದೆ.

ಬೇರೆಯಾದರೆ ಯುರೋಪಿಯನ್ ಯೂನಿಯನ್ನಿನಿಂದ ಹೊರಗೆ ಬೀಳುತ್ತೀರಿ, ಒಳಗಿರಬೇಕಾದರೆ ಜೊತೆಗಿರಿ ಅಂತ 'ಬೇಡ' ಕಡೆಯವರು ಊರೂರಿಗೂ ಹೇಳಿದ್ದರು. 55.3ಕ್ಕೆ 44.7 ಅಂತರದಲ್ಲಿ ಗೆದ್ದರು. ಶೇಕಡ 84.6 ಜನ ಓಟು ಹಾಕಿದ್ದರು. ಎರಡೇ ವರ್ಷ. 2016ರಲ್ಲಿ ಬ್ರೆಕ್ಸಿಟ್ ಓಟು ಬಂತು. ಸ್ಕಾಟ್ಲೆಂಡಿನಲ್ಲಿ ಶೇಕಡ 62 ಜನ ಯುರೋಪಿನಲ್ಲೇ ಇರೋಣ ಅಂದರು, ಇಡೀ ಬ್ರಿಟನ್ 52ಕ್ಕೆ 48ರಂತೆ ಬಿಡೋಣ ಅಂದಿತು, ಸ್ಕಾಟ್ಲೆಂಡೂ ಜೊತೆಗೆ ಹೊರಗೆ ಹೋಯಿತು. ಆಗ ಹುಡುಗ ಫೋನಿನಲ್ಲಿ ಒಂದೇ ಮಾತು ಅಂದ. "ಚಿಕ್ಕಮ್ಮ, ನಾನು ಓಟು ಹಾಕಿದ್ದು ಇದಕ್ಕಲ್ಲ."

'ಹೌದು' ಕಡೆಯ ನಿಜವಾದ ವಾದ ಇಲ್ಲಿದೆ ಅಂತ ನನಗೆ ಆಮೇಲೆ ಅರ್ಥವಾಯಿತು. ಎಣ್ಣೆಯಲ್ಲಲ್ಲ, ಕಿಲ್ಟು ಬ್ಯಾಗ್‌ಪೈಪಿನಲ್ಲೂ ಅಲ್ಲ. 53 ಲಕ್ಷ ಜನ, ಅಂದರೆ 2011ರ ಜನಗಣತಿಯ ಲೆಕ್ಕದಲ್ಲಿ ನಮ್ಮ ಮೈಸೂರು, ಮಂಡ್ಯ ಎರಡು ಜಿಲ್ಲೆ ಸೇರಿದ 48 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟು ಜನ ಆರು ಕೋಟಿಯ ಹತ್ತಿರ ಇರುವವರ ಪಕ್ಕದಲ್ಲಿ ಇದ್ದಾಗ ಅವರ ಮಾತು ಎಣಿಕೆಯಲ್ಲೇ ಮುಳುಗಿ ಹೋಗುತ್ತೆ. 2010ರಲ್ಲಿ 59 ಸೀಟುಗಳಲ್ಲಿ ಕನ್ಸರ್ವೇಟಿವ್ ಪಕ್ಷ ಅಲ್ಲಿ ಗೆದ್ದದ್ದು ಒಂದೇ ಒಂದು, ಆದರೂ ಆಳಲು ಬಂದ ಪ್ರಧಾನಿ ಅದೇ ಪಕ್ಷದವರು. ಅದಕ್ಕೂ ಹಿಂದೆ, ಜನ ಬೀದಿಗಿಳಿದ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು, 1989ರಲ್ಲಿ, ಸ್ಕಾಟ್ಲೆಂಡಿನಲ್ಲಿ ಜಾರಿ ಮಾಡಿದ್ದರು. ಬಡತನದಲ್ಲೂ ನಮ್ಮ ತಪ್ಪು ನಾವೇ ಮಾಡಿಕೊಳ್ಳುತ್ತೇವೆ ಅನ್ನೋ ಮಾತಿಗೆ ಲೆಕ್ಕದ ಪುಸ್ತಕದಲ್ಲಿ ಉತ್ತರ ಇರೋಲ್ಲ.

ಮತ್ತೆ ಕೇಳಬಹುದಲ್ಲ ಅಂತೀರಾ? ಬೇರೆಯಾದ ಮೇಲೆ ವಾಪಸ್ ಬರೋದು ಇಲ್ಲವೇ ಇಲ್ಲ, ಆದರೆ ಬೇಡ ಅಂದವರಿಗೆ ಇನ್ನೊಂದು ಸಲ ಓಟು ಸಿಗುತ್ತೆ ಅಂತ ನಾನು ಆಗ ನಂಬಿದ್ದೆ. ಲಂಡನ್ ಒಪ್ಪದೆ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಇಂಥ ಓಟು ಇಡುವಂತಿಲ್ಲ ಅಂತ 2022ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಗೆ ಆ ಬಾಗಿಲಿನ ಕೀಲಿಯೂ ಇನ್ನೊಬ್ಬರ ಕೈಯಲ್ಲಿದೆ ಅಂತಾಯಿತು.

ಎಷ್ಟು ಓಟು ಬಂದರೆ ಗೆಲುವು?

ಸಹಕಾರ ಸಂಘದ ಬೈಲಾ ತಿದ್ದೋಕೂ ಬರೀ ಅರ್ಧ ಸಾಲದು ಅನ್ನುತ್ತಾರೆ, ದೇಶ ಎರಡಾಗೋಕೆ ಅರ್ಧದ ಮೇಲೆ ಒಂದು ಓಟು ಸಾಕಾ? ಒಂದೊಂದು ಕಡೆ ಒಂದೊಂದು ಥರ. 1979ರಲ್ಲಿ ಸ್ಕಾಟ್ಲೆಂಡಿಗೆ ಬೇರೆ ಸಭೆ ಬೇಕಾ ಅಂತ ಕೇಳಿದಾಗ ಓಟು ಹಾಕಿದವರಲ್ಲಿ ಶೇಕಡ 51.6 ಹೌದು ಅಂದರು, ಆದರೆ ಒಟ್ಟು ಮತದಾರರಲ್ಲಿ 40ರಷ್ಟಾದರೂ ಬೇಕು ಅಂತ ನಿಯಮ ಇತ್ತು, ಬಿದ್ದುಹೋಯಿತು. ಮನೆಯಲ್ಲಿ ಮಲಗಿದ್ದವನೂ ಬೇಡ ಅಂದ ಹಾಗಾಯಿತು. ಆ ಕಹಿ ಇಪ್ಪತ್ತು ವರ್ಷ ಉಳಿಯಿತು. ಮಾಂಟೆನೆಗ್ರೊ 2006ರಲ್ಲಿ ಶೇಕಡ 55 ಬೇಕು ಅಂತ ಮೊದಲೇ ಒಪ್ಪಿಕೊಂಡು 55.5 ತೆಗೆದುಕೊಂಡು ಬೇರೆಯಾಯಿತು, ಸೋತವರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕಾಯಿತು. ಕೆನಡಾದ ಕ್ವಿಬೆಕ್‌ನಲ್ಲಿ 1995ರಲ್ಲಿ ಬೇಡ ಅನ್ನೋದು ಗೆದ್ದದ್ದು 50.58ರಿಂದ, ಅಂತರ ಐವತ್ನಾಲ್ಕು ಸಾವಿರ ಚಿಲ್ಲರೆ ಓಟು. ಅಲ್ಲಿ ಪ್ರಶ್ನೆಯೇ ಉದ್ದುದ್ದ ಇತ್ತು. ಬೇರೆಯಾಗೋದು, ಪಾಲುದಾರಿಕೆ, ಮಸೂದೆ, ಒಪ್ಪಂದ ಎಲ್ಲ ಒಂದೇ ವಾಕ್ಯದಲ್ಲಿ. ಪ್ರಶ್ನೆ ಸ್ಪಷ್ಟವಾಗಿರಬೇಕು, ಬಹುಮತವೂ ಸ್ಪಷ್ಟವಾಗಿರಬೇಕು ಅಂತ ಆಮೇಲೆ 2000ದಲ್ಲಿ ಕಾನೂನೇ ಮಾಡಿದರು.

ಗೆದ್ದರೂ ಸಿಗದೇ ಇರೋದೂ ಉಂಟು. ಪಶ್ಚಿಮ ಆಸ್ಟ್ರೇಲಿಯಾದವರು 1933ರಲ್ಲಿ ಮೂರನೇ ಎರಡರಷ್ಟು ಜನ ಬೇರೆಯಾಗೋಣ ಅಂತ ಓಟು ಹಾಕಿದರು, ಅದೇ ದಿನ ಬೇರೆಯಾಗೋದಕ್ಕೆ ವಿರೋಧವಿದ್ದ ಪಕ್ಷವನ್ನೇ ಅಧಿಕಾರಕ್ಕೆ ತಂದರು! ಅರ್ಜಿ ಲಂಡನ್ನಿಗೆ ಹೋಯಿತು, ಅಲ್ಲಿ ತೆಗೆದುಕೊಳ್ಳಲೇ ಇಲ್ಲ. ಪಪುವಾ ನ್ಯೂಗಿನಿಯ ಬೂಗನ್‌ವಿಲ್‌ನಲ್ಲಿ 2019ರಲ್ಲಿ ಸುಮಾರು ಶೇಕಡ 98 ಜನ ಹೌದು ಅಂದರು. ಆದರೆ ಅದು ಸಲಹೆಯ ಓಟು, ಕೊನೇ ಮಾತು ದೇಶದ ಪಾರ್ಲಿಮೆಂಟಿನದು. ಓಟಿಗೆ ಮೊದಲು ಕೇಳಬೇಕಾದ್ದು: ಗೆದ್ದ ಮಾರನೇ ದಿನ ಎದುರಿನವನು ಮಾತಿಗೆ ಕೂರಲೇಬೇಕು ಅಂತ ಎಲ್ಲಾದರೂ ಬರೆದಿದೆಯಾ?

ನಮ್ಮ ಹಳೇ ಮೈಸೂರಿನಲ್ಲೂ ಇದೇ ಮಾತು, ತಿರುಗಾಮುರುಗಾ

ಇಲ್ಲಿ ಬೇರೆಯಾಗೋ ಮಾತಲ್ಲ, ಸೇರೋ ಮಾತು. 1956ರ ಏಕೀಕರಣಕ್ಕೆ ಮೊದಲು, ನಮ್ಮದು ಮುಂದುವರೆದ ಸೀಮೆ, ಕೃಷ್ಣರಾಜಸಾಗರ ನಮ್ಮದು, ಉತ್ತರದ ಜಿಲ್ಲೆಗಳು ಸೇರಿದರೆ ಖಜಾನೆ ಖಾಲಿಯಾಗುತ್ತೆ, ಅಧಿಕಾರವೂ ಕೈ ತಪ್ಪುತ್ತೆ ಅಂತ ಈ ಕಡೆ ತುಂಬ ಜನ ಹೇಳುತ್ತಿದ್ದರು. ನಮ್ಮ ತಾತನೂ ಅಂದಿದ್ದರಂತೆ. ಅದರ ನಡುವೆ ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯನವರು ಹೊಸ ರಾಜ್ಯ ಹುಟ್ಟೋ ಹೊತ್ತಿಗೆ ಮುಖ್ಯಮಂತ್ರಿ ಆಗಿ ಉಳಿದಿರಲಿಲ್ಲ. ಆಗ ನಮ್ಮನ್ನು ಓಟು ಕೇಳಿದ್ದರೆ ಏನಾಗುತ್ತಿತ್ತೋ! ನಾನು ಹೇಳೋದು ಇಷ್ಟೆ, 'ನಮ್ಮ ದುಡ್ಡು ಅವರು ತಿನ್ನುತ್ತಾರೆ' ಅನ್ನೋ ವಾದ ಕೇಳಿದಾಗಲೆಲ್ಲ ನನಗೆ ನಮ್ಮ ತಾತ ನೆನಪಾಗುತ್ತಾರೆ, ಆ ವಾದವನ್ನು ನಾನು ಅರ್ಧ ಬೆಲೆಗೆ ತೆಗೆದುಕೊಳ್ಳುತ್ತೇನೆ.

ಹಾಗಾದರೆ ಯಾವುದು?

ದುಡ್ಡು ಯಾವುದು, ಕಾಲುವೆ ಯಾರದು, ಗೆದ್ದರೆ ಮಾತಿಗೆ ಯಾರು ಕೂರುತ್ತಾರೆ ಅನ್ನೋ ಮೂರಕ್ಕೆ ಕಾಗದದ ಮೇಲೆ ಉತ್ತರ ಇದ್ದರೆ, 'ಹೌದು' ಅನ್ನೋದು ಹುಚ್ಚು ಧೈರ್ಯ ಅಲ್ಲ. ಉತ್ತರ ಇಲ್ಲದಿದ್ದರೆ ನಾಲ್ಕನೇ ಆಯ್ಕೆಯವರ ಜೊತೆ ನಾನು, ಈಗ ಬೇಡ. ಆದರೆ 'ಬೇಡ' ಅನ್ನೋರ ಹತ್ತಿರವೂ ಅಷ್ಟೇ ಗಟ್ಟಿಯಾಗಿ ಕೇಳಬೇಕು: ಮುಂದಿನ ಐದು ವರ್ಷ ಯಾವುದನ್ನು ಬದಲಾಯಿಸೋಲ್ಲ ಅಂತ ಬರೆದು ಕೊಡುತ್ತೀರಿ? 2014ರಲ್ಲಿ ನಾನು ಅದನ್ನು ಕೇಳದೆ ಹುಡುಗನಿಗೆ ಸಲಹೆ ಕೊಟ್ಟೆ. ಇವತ್ತು ಅವನು ಅದೇ ಪ್ರಶ್ನೆ ಕೇಳಿದರೆ ಅಷ್ಟು ಬೇಗ ಉತ್ತರ ಬರೋಲ್ಲ. ಪೌಂಡಿನ ಪ್ರಶ್ನೆ ಮಾತ್ರ ಇನ್ನೂ ಅಲ್ಲೇ ಕೂತಿದೆ.

ಇಷ್ಟೆಲ್ಲ ಪಕ್ಕದ ಮನೆ ಹುಡುಗಿಗೆ ಓದಿ ಹೇಳಿದೆ. "ಆಂಟಿ, ನನಗೆ ಸಿಗೋದು ಮೂರೇ ನಿಮಿಷ" ಅಂದಳು. ಸರಿ, ವಿರೋಧದ ಚೀಟಿ ಬಂದರೆ ಸ್ಟಾಂಪು ಅಂಟಿಸಿದ ನೋಟಿನಿಂದ ಶುರು ಮಾಡು, ಜನ ಕಿವಿ ನಿಮಿರಿಸುತ್ತಾರೆ. ಪರದ ಚೀಟಿ ಬಂದರೆ ಎಣ್ಣೆ ಮಾತು ಎತ್ತಲೇಬೇಡ, ನಾರ್ವೆ ಹೇಳು ಅಂದೆ. 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾಗೋಣವಾ ಅಂತ ಕೇಳಿದಾಗ ಹೌದು ಅಂದವರು 3,68,208, ಬೇಡ ಅಂದವರು 184. ಹೆಂಗಸರಿಗೆ ಓಟೇ ಇರಲಿಲ್ಲ, ಅವರು ತಾವೇ ಮನೆಮನೆ ತಿರುಗಿ ಎರಡು ಲಕ್ಷಕ್ಕೂ ಜಾಸ್ತಿ ಸಹಿ ಹಾಕಿಸಿ ಕೊಟ್ಟರು. ಅವಳು 184 ಅನ್ನೋದನ್ನು ಅಂಗೈ ಮೇಲೆ ಬರೆದುಕೊಂಡು ಹೋದಳು.